ಬಣ್ಣದಕ್ಕನಿಗೆ ಕಾಣದ ನೇರಳೆ

ಚಿತ್ರ ಮನೆಗೆ ಬಂದದ್ದು ಉದ್ದನೆಯ ರಟ್ಟಿನ ಕೊಳವೆಯೊಂದರಲ್ಲಿ. ಸೊಸೆ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಳಗೆ ಬಂದವಳೇ ಊಟದ ಮೇಜಿನ ಮೇಲಿದ್ದ ಲೋಟ ತಟ್ಟೆಗಳನ್ನೆಲ್ಲ ಒಂದು ಮೂಲೆಗೆ ಸರಿಸಿ ಕಾಗದ ಬಿಡಿಸಿದಳು. ಅದು ಮತ್ತೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಮೂಲೆಗೊಂದರಂತೆ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ, ಮೊಬೈಲು, ಕೊನೆಗೆ ಅತ್ತೆಯ ಕನ್ನಡಕದ ಪೆಟ್ಟಿಗೆ ಇಟ್ಟ ಮೇಲೆ ಸುಮ್ಮನೆ ಮಲಗಿತು.

"ಹೇಗಿದೆ ಅತ್ತೆ?"

ಬೀನ್ಸಿನ ನಾರು ಬಿಡಿಸುತ್ತ ಕೂತಿದ್ದ ಬಣ್ಣದಕ್ಕ ಕೈ ಒರೆಸಿಕೊಂಡು ಎದ್ದು ಬಂದಳು. ಆಳೆತ್ತರಕ್ಕಿಂತ ಸ್ವಲ್ಪ ಕಡಿಮೆಯ ಕಾಗದ. ಮೇಲುಗಡೆ ಕಪ್ಪು ಬೆರೆತ ಕಂದಿನ ಒಂದು ದೊಡ್ಡ ಚೌಕ, ಕೆಳಗಡೆ ಇಟ್ಟಿಗೆ ಕೆಂಪಿನ ಇನ್ನೊಂದು ಚೌಕ. ಅಂಚುಗಳು ನೆಟ್ಟಗಿಲ್ಲ, ಒದ್ದೆ ಬಟ್ಟೆಯ ಮೇಲೆ ಬಣ್ಣ ಹರಡಿದ ಹಾಗೆ ಅಲ್ಲಲ್ಲಿ ಕದಡಿಕೊಂಡಿವೆ. ಮನುಷ್ಯರಿಲ್ಲ, ಮರವಿಲ್ಲ, ಹೋಗಲಿ ಎಂದರೆ ಒಂದು ಹಕ್ಕಿಯೂ ಇಲ್ಲ.

"ಚಿತ್ರ ಎಲ್ಲಿ?" ಎಂದಳು.

"ಇದೇ ಚಿತ್ರ."

"ಇದು ಶೇಡ್ ಕಾರ್ಡು ಕಣೇ. ಇಂಥದ್ದು ದಿನಕ್ಕೆ ನಲವತ್ತು ನೋಡಿ ಬಿಸಾಕಿದೀನಿ ನಾನು."

ಅದು ಬರೀ ಜಂಬದ ಮಾತಲ್ಲ. ಬಣ್ಣದಕ್ಕನ ನಿಜವಾದ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿದಿತ್ತು. ಬಟ್ಟೆ ಮಿಲ್ಲಿನ ಬಣ್ಣದ ಮನೆಯಲ್ಲಿ ಮೂವತ್ತನಾಲ್ಕು ವರ್ಷ ಬಣ್ಣ ಹೊಂದಿಸುವ ಕೆಲಸ ಮಾಡಿದವಳು ಅವಳು. ಗಿರಾಕಿ ಕಳಿಸಿದ ಮಾದರಿ ತುಂಡನ್ನೂ ತೊಟ್ಟಿಯಿಂದ ಆಗತಾನೆ ಎದ್ದು ಒಣಗಿದ ಬಟ್ಟೆಯ ತುಂಡನ್ನೂ ಉತ್ತರದ ಕಿಟಕಿಯ ಬೆಳಕಿನಲ್ಲಿ ಪಕ್ಕಪಕ್ಕ ಹಿಡಿದು, "ಪಾಸು" ಅಥವಾ "ಇಲ್ಲ" ಎನ್ನುವುದು ಅವಳ ಕೆಲಸ. ಅವಳು ಪಾಸು ಎಂದರೆ ಸಾವಿರಾರು ಮೀಟರು ಬಟ್ಟೆ ಬಣ್ಣಕ್ಕೆ ಇಳಿಯುತ್ತಿತ್ತು. ಇಲ್ಲ ಎಂದರೆ ಮ್ಯಾನೇಜರೂ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಆರು ವರ್ಷದ ಹಿಂದೆ ಕೆಲಸ ಬಿಟ್ಟ ಮೇಲೂ ಬೀದಿಯವರು ಪರದೆ ಬಟ್ಟೆಯನ್ನೋ ಗೋಡೆಗೆ ಹೊಡೆಸುವ ಬಣ್ಣವನ್ನೋ ಮೊದಲು ಅವಳಿಗೆ ತೋರಿಸಿ ಆಮೇಲೆ ಕೊಳ್ಳುತ್ತಿದ್ದರು.

ಸೊಸೆ ಫಿಸಿಯೋಥೆರಪಿಸ್ಟ್. ವರ್ಷಗಳ ಹಿಂದೆ ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದಾಗ ಅಲ್ಲಿನ ಕಲಾ ಸಂಗ್ರಹಾಲಯದಲ್ಲಿ ಈ ಚಿತ್ರದ ಮೂಲವನ್ನು ನೋಡಿದ್ದಳಂತೆ. ಕಾಲು ನೋಯುತ್ತಿದೆ ಎಂದು ಅದರ ಮುಂದಿನ ಬೆಂಚಿನ ಮೇಲೆ ಕೂತವಳು, ಕಾವಲುಗಾರ ಬಂದು "ಮುಚ್ಚೋ ಹೊತ್ತಾಯ್ತು ತಾಯಿ" ಎನ್ನುವವರೆಗೆ ಎದ್ದಿರಲಿಲ್ಲ. ಅದರ ಪ್ರತಿ ಅಚ್ಚಾಗಿ ಸಿಗುತ್ತದೆ ಎಂದು ಈಚೆಗೆ ಗೊತ್ತಾಗಿ ತರಿಸಿದ್ದಳು.

"ದಿನವಿಡೀ ಒಬ್ಬೊಬ್ಬರೂ ಬಂದು ಎಲ್ಲಿ ನೋವು, ಹೇಗೆ ನೋವು ಅಂತ ಹೇಳ್ತಾನೇ ಇರ್ತಾರೆ ಅತ್ತೆ," ಎಂದಳು. "ಇದು ಏನೂ ಹೇಳಲ್ಲ. ಏನೂ ಕೇಳೋದೂ ಇಲ್ಲ. ಅದಕ್ಕೇ ಇಷ್ಟ."

ಬಣ್ಣದಕ್ಕನಿಗೆ ಆ ಮಾತು ಅರ್ಥವಾಯಿತು, ಚಿತ್ರ ಆಗಲಿಲ್ಲ.

ಫ್ರೇಮಿನ ಅಂಗಡಿಯವನು ಚಿನ್ನದ ಬಣ್ಣದ ಚೌಕಟ್ಟೇ ಹಾಕಬೇಕೆಂದು ಹಟ ಹಿಡಿದಿದ್ದನಂತೆ. ಸೊಸೆ ಅವನೊಡನೆ ವಾದ ಮಾಡಿ ಸಾದಾ ಮರದ ತೆಳು ಪಟ್ಟಿ ಹಾಕಿಸಿದಳು. ಆ ಭಾನುವಾರ ಮಗ ಡ್ರಿಲ್ಲಿಂಗ್ ಮಷೀನು ಹೊರಗೆ ತೆಗೆದ. ಲಿಫ್ಟ್ ರಿಪೇರಿ ಅವನ ಕಸುಬು; ಮನೆಯ ಗೋಡೆಗೆ ಒಂದು ತೂತು ಹೊಡೆಯಬೇಕಾದರೂ ಇಪ್ಪತ್ತು ಮಹಡಿಯ ಕಟ್ಟಡಕ್ಕೆ ತಯಾರಾಗುವವನ ಹಾಗೆ ಟೇಪು, ಪೆನ್ಸಿಲು, ರಸಮಟ್ಟ ಎಲ್ಲ ಹರಡಿಕೊಳ್ಳುತ್ತಿದ್ದ. ನಡುಮನೆಯಲ್ಲಿ ದೊಡ್ಡ ಕಿಟಕಿಯ ಎದುರು ಗೋಡೆ ಖಾಲಿಯಿತ್ತು. ಚಿತ್ರದ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ ಬರಬೇಕೆಂದು ಸೊಸೆ, ನಿಂತವರ ಮಟ್ಟಕ್ಕೆಂದು ಮಗ. ಕೊನೆಗೆ ಸೊಸೆಯದೇ ನಡೆಯಿತು.

"ಇದನ್ನ ತಲೆಕೆಳಗು ನೇತುಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದ ಮಗ.

"ನನಗೆ ಗೊತ್ತಾಗುತ್ತೆ."

"ಹಾಗಾದ್ರೆ ಸರಿ. ಮನೇಲಿ ಒಬ್ಬರಿಗಾದ್ರೂ ಗೊತ್ತಾಗ್ಬೇಕು."

ಅಂದಿನಿಂದ ಸೊಸೆ ಕೆಲಸದಿಂದ ಬಂದೊಡನೆ ಆ ಚಿತ್ರದ ಎದುರು ಕಾಲು ನೀಡಿಕೊಂಡು ಹತ್ತು ನಿಮಿಷ ಕೂರುತ್ತಿದ್ದಳು. ಟೀವಿ ಇಲ್ಲ, ಫೋನಿಲ್ಲ. ಬಣ್ಣದಕ್ಕ ಟೀ ತಂದುಕೊಟ್ಟು, ತಾನೂ ಪಕ್ಕದಲ್ಲಿ ಕೂತು ನೋಡಲು ಶುರು ಮಾಡಿದಳು. ಸೊಸೆಗೆ ಕಂಡದ್ದು ತನಗೆ ಕಾಣದೆ ಎಲ್ಲಿಗೆ ಹೋಗುತ್ತದೆ ಎಂಬ ಹಟ ಅದರಲ್ಲಿ ಇತ್ತು.

ನಾಲ್ಕನೆಯ ದಿನವೋ ಐದನೆಯ ದಿನವೋ ಸೊಸೆ ಮೆಲ್ಲಗೆ ಅಂದಳು: "ಆ ನೇರಳೆ ನೋಡಿ ಅತ್ತೆ, ಅಂಚಲ್ಲಿ ಹೊಗೆ ಥರ ನೀಲಿ ಎದ್ದು ಬರುತ್ತೆ. ಸಂಜೆ ಆಗ್ತಾ ಆಗ್ತಾ ಇನ್ನೂ ಚೆನ್ನಾಗಿ ಕಾಣುತ್ತೆ."

"ಎಲ್ಲಿದೆ ನೇರಳೆ?"

"ಮೇಲಿಂದು."

"ಅದು ಕಂದು. ನಶ್ಯದ ಕಂದು, ಸ್ವಲ್ಪ ಕಪ್ಪು ಜಾಸ್ತಿ. ನೀಲಿ ಅದರ ಹತ್ತಿರವೂ ಸುಳಿದಿಲ್ಲ."

ಸೊಸೆ ನಕ್ಕಳು. ಅತ್ತೆ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡಳು. ಬಣ್ಣದಕ್ಕ ನಗಲಿಲ್ಲ. ಆಗಲೇ ಮನೆಗೆ ಬಂದ ಮಗನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: "ಮೇಲಿನ ಚೌಕ ಯಾವ ಬಣ್ಣ, ಹೇಳು."

"ನೇರಳೆ. ಯಾಕೆ?"

"ಹೆಂಡತಿ ಹೇಳಿಕೊಟ್ಟಿದ್ದಾಳೆ ನಿನಗೆ."

"ಅಯ್ಯೋ ಅಮ್ಮ, ನಾನು ಈಗ ತಾನೇ ಶೂ ಬಿಚ್ತಾ ಇದೀನಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವಳಲ್ಲ ಬಣ್ಣದಕ್ಕ. ಬಣ್ಣದ ವಿಷಯ ಬಂದರೆ ಮಾತ್ರ ಮೂರು ಕಾಲೂ ಹೆಚ್ಚಾಯಿತು ಎನ್ನುವವಳು. ಒಳಗೆ ಹೋಗಿ ಹೊಲಿಗೆಯ ಡಬ್ಬಿ ತಂದಳು. ಬಣ್ಣಬಣ್ಣದ ದಾರದ ಉಂಡೆಗಳಲ್ಲಿ ಕೈಯಾಡಿಸಿ, ಒಂದನ್ನು ಆರಿಸಿ, ಚಿತ್ರದ ಮೇಲೆ ಹಿಡಿದಳು. "ನೋಡಿ. ಸರಿಯಾಗಿ ಹೊಂದುತ್ತೆ. ಇದು ಕಂದೋ ಅಲ್ಲವೋ?"

ಅದು ಕಂದೇ. ಆದರೆ ಚಿತ್ರಕ್ಕೆ ಎಳ್ಳಷ್ಟೂ ಹೊಂದುತ್ತಿರಲಿಲ್ಲ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಸೊಸೆ ಡಬ್ಬಿಯಿಂದ ಕಡುನೇರಳೆಯ ಉಂಡೆಯೊಂದನ್ನು ಎತ್ತಿ ಕಂದು ದಾರದ ಪಕ್ಕ ಇಟ್ಟಳು.

"ಅತ್ತೆ, ಇವೆರಡೂ ನಿಮಗೆ ಹೇಗೆ ಕಾಣುತ್ತೆ?"

ಬಣ್ಣದಕ್ಕ ಕಿಟಕಿಯ ಬಳಿ ಹೋದಳು. ಕಣ್ಣು ಕಿರಿದು ಮಾಡಿದಳು, ತಲೆ ವಾರೆ ಮಾಡಿದಳು, ಎರಡನ್ನೂ ಅದಲು ಬದಲು ಹಿಡಿದಳು. ಮೂವತ್ತನಾಲ್ಕು ವರ್ಷ ಮಾಡಿದ್ದನ್ನೆಲ್ಲ ಮಾಡಿದಳು.

"ಎರಡೂ ಒಂದೇ. ಒಂದು ಕೂದಲೆಳೆ ಕಪ್ಪು ಜಾಸ್ತಿ ಇದಕ್ಕೆ. ಅಷ್ಟೆ."

ಬಣ್ಣದಕ್ಕ ತನ್ನ ಕೈಯಲ್ಲಿದ್ದ ಉಂಡೆಗಳನ್ನು ಮತ್ತೊಮ್ಮೆ ನೋಡಿದಳು. ನೇರಳೆಯ ಉಂಡೆಗೆ ಅಂಟಿಸಿದ ಚೀಟಿಯ ಮೇಲೆ ಅದರ ನಂಬರು ಇತ್ತು. ಆ ನಂಬರು ಅವಳಿಗೆ ಬಾಯಿಪಾಠ. ದಾರದ ಕಂಪನಿಯವರು ತಪ್ಪು ಚೀಟಿ ಅಂಟಿಸುವವರಲ್ಲ ಎಂಬುದೂ ಗೊತ್ತಿತ್ತು. ಮೆಲ್ಲಗೆ ಕುರ್ಚಿಯ ಮೇಲೆ ಕೂತಳು.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನವಳು, ಮಾತುಗಾತಿ. ಕತ್ತಲೆ ಕೋಣೆಯಲ್ಲಿ ಗಲ್ಲ ಊರಿಸಿ, ಬೆಳಕು ಬಿಟ್ಟು ನೋಡಿ, "ಎರಡೂ ಕಣ್ಣಲ್ಲಿ ಪೊರೆ ಚೆನ್ನಾಗಿ ಬಲಿತಿದೆ ಅಮ್ಮಾ," ಎಂದಳು. "ಬಿಳೀ ಪೊರೆ ಅಲ್ಲ, ಕಂದು ಥರದ್ದು. ಟೀ ಡಿಕಾಕ್ಷನ್ ತುಂಬಿದ ಗಾಜಿನ ಹಿಂದೆ ಕೂತು ಲೋಕ ನೋಡ್ತಾ ಇದೀರಿ. ಅದು ಮೊದಲು ತಿಂದು ಹಾಕೋದೇ ನೀಲಿ, ನೇರಳೆ."

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಾಗಾ?" ಎಂದ ಮಗ.

"ಹೆಚ್ಚುಕಡಿಮೆ ಹಾಗೇ. ಆದ್ರೆ ಇದು ಆಪರೇಷನ್ ಮಾಡಿದ್ರೆ ಹೋಗುತ್ತೆ. ಮೊದಲು ಬಲಗಣ್ಣು, ಒಂದೆರಡು ತಿಂಗಳು ಬಿಟ್ಟು ಎಡಗಣ್ಣು."

"ಇಷ್ಟು ಬಲಿತಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ?" ಬಣ್ಣದಕ್ಕ ಕೇಳಿದಳು. "ನನ್ನ ಕೆಲಸವೇ ಅದು."

"ದಿನಕ್ಕೆ ಒಂದು ಹನಿ ಹಾಗೆ ಕೂಡಿಕೊಳ್ಳುತ್ತಮ್ಮಾ. ಹತ್ತು ವರ್ಷ ಹಿಡಿದಿರಬಹುದು. ಎಂಟಂತೂ ಖಂಡಿತ."

"ಆರು ವರ್ಷದ ಹಿಂದೆ ಇತ್ತಾ?"

"ಆಗಲೇ ಸಾಕಷ್ಟು ಬಲಿತಿತ್ತು. ಯಾಕೆ?"

ಮನೆ ತಲುಪುವವರೆಗೂ ಬಣ್ಣದಕ್ಕ ಕನ್ನಡಕ ತೆಗೆದು ಒರೆಸುತ್ತಲೇ ಇದ್ದಳು. ಆಪರೇಷನ್ನಿಗೆ ಹೆದರಿದ್ದಾಳೆ ಎಂದು ಮಗ ಸೊಸೆ ತಿಳಿದುಕೊಂಡರು.

ಆರು ವರ್ಷದ ಹಿಂದೆ ನಡೆದದ್ದು ಇದು. ಯಾವುದೋ ಆಸ್ಪತ್ರೆಯ ಸಿಬ್ಬಂದಿಯ ಸಮವಸ್ತ್ರಕ್ಕೆಂದು ಕಡುನೀಲಿ ಬಟ್ಟೆಯ ದೊಡ್ಡ ಆರ್ಡರು ಮಿಲ್ಲಿಗೆ ಬಂದಿತ್ತು. ಬಣ್ಣದ ತೊಟ್ಟಿ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ತೊಟ್ಟಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವನು ಪರೀಕ್ಷೆಯ ತುಂಡು ತಂದು ಬಣ್ಣದಕ್ಕನ ಮೇಜಿನ ಮೇಲಿಟ್ಟು, "ಅಕ್ಕ, ಇನ್ನೊಂದು ಸಲ ನೋಡಿ. ಯಾಕೋ ನೀಲಿ ಕಮ್ಮಿ ಅನ್ಸುತ್ತೆ ನನಗೆ," ಎಂದಿದ್ದ.

"ನನ್ನ ಕಣ್ಣಿಗೆ ಕಾಣದ್ದು ನಿನಗೆ ಕಾಣ್ತಾ?" ಎಂದು ಅವಳು ನಗುತ್ತಲೇ ಪಾಸು ಬರೆದಳು. ಇಡೀ ಲಾಟು ಬಣ್ಣಕ್ಕೆ ಇಳಿಯಿತು. ಮೂರು ವಾರದ ಮೇಲೆ ಅಷ್ಟೂ ಬಟ್ಟೆ ವಾಪಸು ಬಂತು: ಬಣ್ಣ ಮಂಕು, ಮಾದರಿಗೆ ಹೊಂದುವುದಿಲ್ಲ.

ಬಣ್ಣದ ಮನೆಯ ನಲವತ್ತು ಜನರನ್ನೂ ಸೇರಿಸಿ ಮ್ಯಾನೇಜರು ವಿಚಾರಣೆ ನಡೆಸಿದ. ಬಣ್ಣದಕ್ಕ ಎದ್ದು ನಿಂತು ಹೇಳಿದ್ದು ಒಂದೇ ಮಾತು. "ನಾನು ಪಾಸು ಮಾಡಿದ ತುಂಡು ಸರಿ ಇತ್ತು. ಲಾಟು ಬೇರೆ ಆಗಿದೆ ಅಂದ್ರೆ, ನಾನು ನೋಡಿದ ಮೇಲೆ ತೊಟ್ಟೀಲಿ ಏನೋ ಹೆಚ್ಚುಕಮ್ಮಿ ಆಗಿದೆ." ಆ ಪಾಸಾದ ತುಂಡನ್ನು ತೋರಿಸಿ ಎಂದು ಯಾರೂ ಕೇಳಲಿಲ್ಲ. ಬಣ್ಣದಕ್ಕನನ್ನು ಹಾಗೆ ಕೇಳುವುದುಂಟೆ? ಮೇಸ್ತ್ರಿ ಎರಡು ಸಲ "ನಾನು ಮುಟ್ಟಿಲ್ಲ ಸಾರ್" ಎಂದ. ಅವನ ದಾಖಲೆಯಲ್ಲಿ 'ನಿರ್ಲಕ್ಷ್ಯ' ಎಂಬ ಪದ ಸೇರಿತು. ತೊಟ್ಟಿಯಿಂದ ತೆಗೆದು ಗೋದಾಮಿನಲ್ಲಿ ಬಟ್ಟೆ ಕಟ್ಟುವ ಕೆಲಸಕ್ಕೆ ಹಾಕಿದರು. ಎರಡು ತಿಂಗಳಿಗೆ ಅವನೇ ಬಿಟ್ಟು ಹೋದ. ಆ ವರ್ಷದ ಕೊನೆಗೆ ಬಣ್ಣದಕ್ಕನೂ ಹೂಗುಚ್ಛ, ಗೋಡೆ ಗಡಿಯಾರ, ಭಾಷಣಗಳೊಂದಿಗೆ ಕೆಲಸದಿಂದ ಇಳಿದಳು.

ಸುಳ್ಳು ಹೇಳಿದೆನೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. ಅವಳು ಹೇಳಿದ್ದು ಸುಳ್ಳೂ ಅಲ್ಲ. ಕಣ್ಣಿಗೆ ಕಂಡದ್ದನ್ನೇ ಹೇಳಿದ್ದಳು.

ಬಲಗಣ್ಣಿನ ಆಪರೇಷನ್ನಿಗೆ ಕಾಲು ಗಂಟೆ ಹಿಡಿಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಡಾಕ್ಟರ ಬಿಳಿ ಕೋಟು ಅವಳಿಗೆ ನೀಲ ಹಾಕಿ ಒಗೆದ ಹಾಗೆ ಹೊಳೆಯಿತು. ದಾರಿಯಲ್ಲಿ ಬಸ್ಸು, ಅಂಗಡಿ ಬೋರ್ಡು, ಒಬ್ಬಳು ಹುಡುಗಿಯ ಬೆನ್ನಚೀಲ, ಎಲ್ಲದರಲ್ಲೂ ನೀಲಿ. ಇಷ್ಟು ದಿನ ಯಾರೋ ಬಚ್ಚಿಟ್ಟಿದ್ದ ಬಣ್ಣವನ್ನು ಒಂದೇ ಸಲ ಬೀದಿಗೆ ಸುರಿದ ಹಾಗಿತ್ತು.

ಮನೆಗೆ ಬಂದವಳು ನೇರ ಚಿತ್ರದ ಎದುರು ನಿಂತಳು. ಅಂಗೈಯಿಂದ ಬಲಗಣ್ಣು ಮುಚ್ಚಿದಳು. ಹಳೆಯ ಎಡಗಣ್ಣಿಗೆ ಅದೇ ನಶ್ಯದ ಕಂದು. ಎಡಗಣ್ಣು ಮುಚ್ಚಿದಳು. ಮೇಲಿನ ಚೌಕ ನೇರಳೆಯಾಯಿತು. ಮಾಗಿದ ಹಣ್ಣಿನಂಥ ತುಂಬು ನೇರಳೆ. ಅದರ ಒಳಗಿನಿಂದ, ಅಂಚಿನ ಸುತ್ತ, ಸೊಸೆ ಹೇಳಿದ ಹಾಗೆಯೇ ಹೊಗೆಯಂತೆ ನೀಲಿ ಏಳುತ್ತಿತ್ತು. ಕೆಳಗಿನ ಕೆಂಪು ಆ ನೀಲಿಯ ಪಕ್ಕದಲ್ಲಿ ಬಿಸಿಯಾಗಿ ಉಸಿರಾಡುತ್ತಿತ್ತು. ಎರಡರ ನಡುವಿನ ಸಂದಿನಲ್ಲಿ ಇನ್ನೊಂದು ಬಣ್ಣವಿದೆಯೆಂದೂ ಆಗಲೇ ಕಂಡದ್ದು. ಬಲ, ಎಡ, ಬಲ, ಎಡ ಎಂದು ಕೈ ಬದಲಿಸುತ್ತ ಎಷ್ಟು ಹೊತ್ತು ನಿಂತಳೋ.

"ಚೆನ್ನಾಗಿದೆಯಲ್ವಾ ಅತ್ತೆ?" ಎಂದು ಸೊಸೆ ಹಿಗ್ಗಿನಿಂದ ಕೇಳಿದಳು.

"ಚೆನ್ನಾಗಿದೆ," ಎಂದಳು ಬಣ್ಣದಕ್ಕ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಔಷಧಿಯ ಹನಿಯಿರಬೇಕು ಎಂದುಕೊಂಡಳು ಸೊಸೆ.

ಆಮೇಲೆ ಬಣ್ಣದಕ್ಕ ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು, ಕಪಾಟಿನಿಂದ ದಪ್ಪ ರಟ್ಟಿನ ಪುಸ್ತಕವೊಂದನ್ನು ತೆಗೆದಳು. ಕೆಲಸ ಬಿಡುವಾಗ ನೆನಪಿಗೆಂದು ಮನೆಗೆ ತಂದಿದ್ದ ಕೊನೆಯ ವರ್ಷದ ಮಾದರಿ ಪುಸ್ತಕ ಅದು. ಪ್ರತಿ ಪುಟದಲ್ಲೂ ಎರಡು ತುಂಡು: ಎಡಕ್ಕೆ ಗಿರಾಕಿಯದು, ಬಲಕ್ಕೆ ಪಾಸಾದದ್ದು, ಕೆಳಗೆ ತಾರೀಕು, ಅವಳ ಸಹಿ. ಆ ಕಡುನೀಲಿಯ ಪುಟವನ್ನು ಈ ಆರು ವರ್ಷದಲ್ಲಿ ಹಲವು ಸಲ ತೆಗೆದು ನೋಡಿ, "ಎರಡೂ ಒಂದೇ" ಎಂದು ಸಮಾಧಾನ ಮಾಡಿಕೊಂಡಿದ್ದಳು. ಈಗ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಎಡಗಣ್ಣಿಂದ ನೋಡಿದಳು. ಎರಡೂ ಒಂದೇ. ಬಲಗಣ್ಣಿಂದ ನೋಡಿದಳು. ಎಡದ ತುಂಡು ನೀಲಿ. ಬಲದ್ದು ಮಂಕು, ಕೆಂಬೂದಿಯ ಕಡೆಗೆ ತಿರುಗಿದ್ದು. ಕೆಲಸಕ್ಕೆ ಸೇರಿ ಎರಡು ತಿಂಗಳಾದ ಹುಡುಗಿ ಕೂಡ ಪಾಸು ಮಾಡದಂಥದ್ದು.

ಮೇಸ್ತ್ರಿ ತೊಟ್ಟಿ ಮುಟ್ಟಿರಲಿಲ್ಲ. ಅವಳು ಪಾಸು ಮಾಡಿದ್ದನ್ನೇ ಅವನು ಬಣ್ಣಕ್ಕೆ ಇಳಿಸಿದ್ದ.

ಸಂಜೆ ಊಟದ ಮೇಜಿನಲ್ಲಿ ಅವಳು ಪುಸ್ತಕ ತೆರೆದಿಟ್ಟು ಇಬ್ಬರಿಗೂ ಎಲ್ಲ ಹೇಳಿದಳು. ಮಗ ಕೇಳಿಸಿಕೊಂಡು, "ಅಮ್ಮ, ನೀನು ಬೇಕಂತ ಮಾಡಿದ್ದಲ್ಲ. ಕಣ್ಣಿಗೆ ಕಾಯಿಲೆ ಬಂದಿತ್ತು," ಎಂದ.

"ಕಾಯಿಲೆ ಬಂದದ್ದು ನನಗೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು. ಹಾಕಿಸಿದ್ದು ನಾನು."

"ಈಗ ಹೋಗಿ ಹೇಳಿದ್ರೆ ಅವರಿಗೆ ಹಳೇ ಗಾಯ ಕೆರೆದ ಹಾಗಾಗಲ್ವಾ?"

ಬಣ್ಣದಕ್ಕ ಸೊಸೆಯ ಮುಖ ನೋಡಿದಳು. ಸೊಸೆ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಹೇಳಿದಳು: "ನನ್ನ ಹತ್ರ ಬರೋರಲ್ಲಿ ಎಷ್ಟೋ ಜನಕ್ಕೆ, ನೋವು ನಿಜವಾಗಲೂ ಇದೆ ಅಂತ ಇನ್ನೊಬ್ಬರು ಒಪ್ಪಿಕೊಂಡ್ರೆ ಅರ್ಧ ವಾಸಿ. ಹೋಗಿ ಬನ್ನಿ ಅತ್ತೆ."

ಮೇಸ್ತ್ರಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಒಂದು ಲಾಂಡ್ರಿಯಲ್ಲಿ ಕಲೆ ತೆಗೆಯುವ, ಇಸ್ತ್ರಿ ಮಾಡುವ ಕೆಲಸಕ್ಕಿದ್ದ. ಅವಳು ಹೋದಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಬೆಯ ನಡುವೆ ಒಂದು ಬಿಳಿ ಅಂಗಿ ಹರಡಿಕೊಂಡಿದ್ದ. ಕೂದಲು ಪೂರ್ತಿ ನೆರೆತಿತ್ತು. ಅವಳನ್ನು ಕಂಡರೂ ಇಸ್ತ್ರಿ ನಿಲ್ಲಿಸಲಿಲ್ಲ.

"ಬಟ್ಟೆ ತಂದಿದ್ದೀರಾ?"

"ಬಟ್ಟೆ ಅಲ್ಲ ಮೇಸ್ತ್ರಿ. ಒಂದು ಮಾತು ಹೇಳೋದಿದೆ."

ಅವಳು ಹೇಳಿದಳು. ನಡುಮನೆಯ ಚಿತ್ರ, ದಾರದ ಉಂಡೆ, ಡಾಕ್ಟರು, ಪುಸ್ತಕ, ಒಂದನ್ನೂ ಬಿಡಲಿಲ್ಲ. ಅವನು ಕಾಲರು ಮುಗಿಸಿ ತೋಳಿಗೆ ಬಂದ. ತೋಳು ಮುಗಿಸಿ ಬೆನ್ನಿಗೆ. ಅವಳು ಪುಸ್ತಕ ತೆರೆದು ಹಿಡಿದರೆ ಅದರ ಕಡೆ ತಿರುಗಿಯೂ ನೋಡಲಿಲ್ಲ.

"ತಪ್ಪು ನಂದು," ಎಂದಳು ಕೊನೆಗೆ. "ನಿನ್ನ ಮೇಲೆ ಹೊರಿಸಿದೆ."

ಮೇಸ್ತ್ರಿ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ.

"ಅವತ್ತು ಎಷ್ಟು ಜನ ಇದ್ರು ಅಲ್ಲಿ?"

"ನಲವತ್ತು."

"ನಲವತ್ತು ಜನರ ಮುಂದೆ ಹೇಳಿದ್ರಿ. ಈಗ ಇಲ್ಲಿಗೆ ಬಂದು, ಹಬೆ ಮರೇಲಿ ನನ್ನೊಬ್ಬನ ಕಿವೀಲಿ ಹೇಳ್ತಾ ಇದೀರಿ." ಅವನ ದನಿ ಏರಲಿಲ್ಲ. "ನಾನು ಮುಟ್ಟಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತಲ್ಲ. ನೀವು ಬಂದು ನನಗೆ ಹೇಳಿ ಏನು ಪ್ರಯೋಜನ? ಗೊತ್ತಿಲ್ಲದೋರು ಅವರು. ಮೂರು ಮಿಲ್ಲಿಗೆ ಹೋದೆ ಕೆಲಸ ಕೇಳ್ಕೊಂಡು. ಆ ಒಂದು ಪದ ನೋಡಿ ಮೂರು ಕಡೆನೂ ಬಾಗಿಲು ಹಾಕಿದ್ರು. ನನ್ನ ಹೆಂಡತಿ ಕೂಡ ಒಂದು ದಿನ ಕೇಳಿದ್ಲು: 'ನಿಜ ಹೇಳಿ, ಅವತ್ತು ಏನಾದ್ರೂ ಕೈ ತಪ್ಪಿತ್ತಾ?' ಅಂತ."

ಕ್ಷಮಿಸು ಎನ್ನುವ ಮಾತು ಬಣ್ಣದಕ್ಕನ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಉಳಿಯಿತು. ಅದನ್ನು ಕೇಳುವ ಹಕ್ಕು ತನಗೆ ಇನ್ನೂ ಬಂದಿಲ್ಲ ಎಂದು ಅವಳಿಗೆ ಅನ್ನಿಸಿತು.

ಮರುವಾರ ಅವಳು ಮಿಲ್ಲಿಗೆ ಹೋದಳು. ಹಳೆಯ ಮ್ಯಾನೇಜರು ಇರಲಿಲ್ಲ, ಹೊಸಬ ಅವಳನ್ನು ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿಸಿಕೊಂಡು, "ಆರು ವರ್ಷದ ಮಾತಮ್ಮಾ, ಈಗ ಯಾರಿಗೆ ಬೇಕು?" ಎಂದ.

"ಬಟ್ಟೆ ಹಳೇದಾಗುತ್ತೆ ಸಾರ್. ಒಬ್ಬರ ಹೆಸರಿಗೆ ಅಂಟಿದ ಕಲೆ ಹಳೇದಾಗಲ್ಲ. ಆ ಪದ ತೆಗೆದು ಬೇರೆ ಕಾಗದ ಬರೆದುಕೊಡಿ. ನನ್ನ ತಪ್ಪು ಅಂತ ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ."

ಅವನು ಪುಸ್ತಕದ ಪುಟವನ್ನು ಕಿಟಕಿಯ ಬಳಿ ಒಯ್ದು ನೋಡಿದ. ಕಾಗದ ಬರೆಸುತ್ತೇನೆ ಎಂದ. ಬಣ್ಣದಕ್ಕ ಏಳಲಿಲ್ಲ.

"ಇನ್ನೊಂದಿದೆ. ಊಟದ ಹೊತ್ತಲ್ಲಿ ಕ್ಯಾಂಟೀನಿಗೆ ಹೋಗ್ಬೇಕು ನಾನು."

ಕ್ಯಾಂಟೀನಿನಲ್ಲಿ ಅರ್ಧದಷ್ಟು ಜನ ಅವಳಿಗೆ ಗೊತ್ತಿದ್ದವರೇ. "ಬಣ್ಣದಕ್ಕ ಬಂದ್ರು!" ಎಂದು ಮೇಜುಗಳಿಂದ ಕೂಗಿದರು, ಒಬ್ಬಳು ಎದ್ದು ಬಂದು ಕೈ ಹಿಡಿದುಕೊಂಡಳು. ಆ ಪ್ರೀತಿಯೇ ಅವಳಿಗೆ ಭಾರವಾಯಿತು. ಒಂದು ಖಾಲಿ ತಟ್ಟೆ ಎತ್ತಿ ಚಮಚದಿಂದ ಬಡಿದಳು. ಸದ್ದು ಅಡಗಿತು.

"ಊಟ ಮಾಡ್ತಾನೇ ಕೇಳಿ," ಎಂದಳು. "ಆರು ವರ್ಷದ ಹಿಂದೆ ಕಡುನೀಲಿ ಲಾಟು ವಾಪಸು ಬಂತಲ್ಲ, ಅವತ್ತು ತೊಟ್ಟೀಲಿ ಹೆಚ್ಚುಕಮ್ಮಿ ಆಗಿದೆ ಅಂದೆ ನಾನು. ತೊಟ್ಟೀಲಿ ಏನೂ ಆಗಿರ್ಲಿಲ್ಲ. ಹೆಚ್ಚುಕಮ್ಮಿ ಆಗಿದ್ದು ನನ್ನ ಕಣ್ಣಲ್ಲಿ. ನೀಲಿ ಕಮ್ಮಿ ಇದೆ, ಇನ್ನೊಂದು ಸಲ ನೋಡಿ ಅಂತ ಮೇಸ್ತ್ರಿ ಹೇಳಿದ್ದ. ನಾನು ನಕ್ಕುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಮಾಡಿ ಅವನನ್ನ ತೊಟ್ಟಿಯಿಂದ ಇಳಿಸಿದೆ. ಪುಸ್ತಕ ಇಲ್ಲಿ ಇಟ್ಟಿರ್ತೀನಿ. ಬಂದು ನೋಡಿ. ನೋಡದೇ ಬರೀ ನನ್ನ ಮಾತು ನಂಬ್ಕೋಬೇಡಿ. ಅವತ್ತು ಹಾಗೆ ನಂಬಿದ್ದಕ್ಕೇ ಇಷ್ಟೆಲ್ಲ ಆಗಿದ್ದು."

ಒಬ್ಬೊಬ್ಬರಾಗಿ ಕೈ ತೊಳೆದುಕೊಂಡು ಬಂದು, ಪುಟದ ಮೇಲೆ ಬಗ್ಗಿ ನೋಡಿ ಹೋದರು. ಕೆಲವರು "ಪಾಪ, ಕಾಯಿಲೆ" ಎಂದು ಅವಳ ಬೆನ್ನು ಸವರಿದರು. ನೂಲು ಸುತ್ತುವ ವಿಭಾಗದ ಒಬ್ಬ ಹೆಂಗಸು ಮಾತ್ರ ನಿಂತು, "ಅವನ ಆರು ವರ್ಷ ಯಾರು ವಾಪಸು ಕೊಡ್ತಾರೆ ಅಕ್ಕ?" ಎಂದು ಕೇಳಿದಳು. ಕೆಟ್ಟದಾಗಿ ಕೇಳಲಿಲ್ಲ, ತಿಳಿಯಬೇಕೆಂದೇ ಕೇಳಿದಳು.

"ಯಾರಿಗೂ ಆಗಲ್ಲ," ಎಂದಳು ಬಣ್ಣದಕ್ಕ.

ಮನೆಗೆ ಬಂದ ಮೇಲೆ ನಾಲ್ಕು ದಿನ ಅವಳಿಗೆ ಮೈ ಹಗುರವಾಗಲಿಲ್ಲ. ತಪ್ಪೊಪ್ಪಿಕೊಂಡರೆ ನೆಮ್ಮದಿ ಎನ್ನುತ್ತಾರೆ. ಅವಳಿಗೆ ಸಿಕ್ಕಿದ್ದು ಆಯಾಸ. ಪರದೆ ಬಟ್ಟೆ ತೋರಿಸಲು ಪಕ್ಕದ ಮನೆಯವಳು ಬಂದಾಗ, "ಇನ್ನೊಬ್ಬರಿಗೂ ತೋರಿಸಿ ಕೊಂಡುಕೊಳ್ಳಿ" ಎಂದು ಕಳಿಸಿದಳು. ಸಂಜೆ ಸೊಸೆಯ ಪಕ್ಕ ಕೂತು ಚಿತ್ರ ನೋಡುವುದನ್ನು ಮಾತ್ರ ಬಿಡಲಿಲ್ಲ. ಒಂದು ದಿನ ಸೊಸೆ, "ಏನು ಕಾಣುತ್ತೆ ಅತ್ತೆ?" ಎಂದು ಕೇಳಿದಾಗ, "ಮೊದಲು ಇದರಲ್ಲಿ ಏನಿದೆ ಅಂತ ನೋಡ್ತಿದ್ದೆ. ಈಗ ನನಗೆ ಏನು ಕಾಣ್ತಿಲ್ಲ ಅಂತ ನೋಡ್ತೀನಿ. ಹೊತ್ತು ಹೋಗೋದೇ ಗೊತ್ತಾಗಲ್ಲ," ಎಂದಳು.

ಎರಡು ವಾರ ಕಳೆದು ಒಂದು ಭಾನುವಾರ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಲಕೋಟೆ.

"ಮಿಲ್ಲಿಂದ ಕಾಗದ ಬಂತು," ಎಂದ. "ಈ ವಯಸ್ಸಲ್ಲಿ ಇಟ್ಕೊಂಡು ಏನು ಮಾಡ್ಲಿ? ಆದ್ರೂ ಇರ್ಲಿ. ಹೆಂಡತಿಗೆ ಎರಡು ಸಲ ಓದಿ ಹೇಳಿದೆ." ಲಕೋಟೆಯನ್ನು ಜೇಬಿಗಿಟ್ಟು, "ಆ ಚಿತ್ರ ಎಲ್ಲಿದೆ? ನೋಡ್ಬೇಕು ಅನ್ನಿಸ್ತು," ಎಂದ.

ಬಣ್ಣದಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮೇಸ್ತ್ರಿ ಚಿತ್ರದ ಎದುರು ಕೈಕಟ್ಟಿ ನಿಂತ. ಅವನು ಮುಂದೆ ಹೋದ, ಹಿಂದೆ ಬಂದ, ಪಕ್ಕದಿಂದ ಬಗ್ಗಿದ.

"ಬರೆದೋನು ನಮ್ಮ ಕಸುಬಿನವನೇ ಇರ್ಬೇಕು," ಎಂದ. "ಒಂದೇ ಸಲ ಬಳಿದಿಲ್ಲ ಇದನ್ನ. ನೇರಳೆಯ ಅಡಿಯಲ್ಲಿ ಮೊದಲು ಕೆಂಪು ಕೊಟ್ಟು, ಒಣಗಿಸಿ, ಮೇಲೆ ನೀಲಿ ತೆಳ್ಳಗೆ, ಮತ್ತೆ ಕೆಂಪು. ನಮ್ಮ ತೊಟ್ಟಿ ಲೆಕ್ಕದಲ್ಲಿ ಮೂರು ನಾಲ್ಕು ಸಲ ಅದ್ದಿದ ಹಾಗೆ. ಅದಕ್ಕೇ ನೇರಳೆ ಒಳಗಿಂದ ಬರ್ತಾ ಇದೆ."

"ಹೌದಲ್ವಾ?" ಎಂದು ಸೊಸೆ ಅವನ ಪಕ್ಕಕ್ಕೆ ಬಂದು ನಿಂತಳು. ಅಷ್ಟು ಹೊತ್ತು ಕೂತು ನೋಡಿದ್ದ ಚಿತ್ರದಲ್ಲಿ ನೇರಳೆಯ ಅಡಿಯ ಆ ಕೆಂಪನ್ನು ಅವಳು ಗಮನಿಸಿರಲಿಲ್ಲ.

"ಆದ್ರೆ ಇಲ್ಲಿ ಹಾಕಿದ್ದು ತಪ್ಪು." ಮೇಸ್ತ್ರಿ ಕಿಟಕಿಯ ಕಡೆ ತಿರುಗಿದ. "ಬೆಳಗಿನ ಬಿಸಿಲು ನೇರ ಬೀಳುತ್ತೆ. ಕಾಗದದ ಮೇಲಿನ ಅಚ್ಚು ಅಲ್ವಾ, ಮೊದಲು ಕೆಂಪು ಹಾರುತ್ತೆ. ಎರಡು ವರ್ಷ ಬಿಟ್ಟು ನೋಡಿ, ಬರೀ ನೀಲಿ ಉಳಿದಿರುತ್ತೆ."

"ಆಗ ಅಮ್ಮನಿಗೆ ಇನ್ನೂ ಖುಷಿ," ಎಂದ ಮಗ.

ಮೊದಲು ನಕ್ಕವಳು ಬಣ್ಣದಕ್ಕ. ಮೇಸ್ತ್ರಿ ನಗಲಿಲ್ಲ, ಆದರೆ ಮುಖ ಸಡಿಲಾಯಿತು.

ನಡುಮನೆಯಿಂದ ಕೋಣೆಗಳಿಗೆ ಹೋಗುವ ಇಕ್ಕಟ್ಟಾದ ಒಳಹಾದಿಯ ಗೋಡೆಗೆ ಬಿಸಿಲು ಬೀಳುವುದಿಲ್ಲ ಎಂದು ಅವನೇ ತೋರಿಸಿದ. ಮಗ ಮತ್ತೆ ಟೇಪು, ಪೆನ್ಸಿಲು, ರಸಮಟ್ಟ ಹರಡಿದ. ಚಿತ್ರವನ್ನು ಒಂದು ಕಡೆ ಬಣ್ಣದಕ್ಕ, ಇನ್ನೊಂದು ಕಡೆ ಮೇಸ್ತ್ರಿ ಹಿಡಿದು ನಿಂತರು. ಸೊಸೆ ದೂರದಿಂದ "ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ" ಎನ್ನುತ್ತಿದ್ದಳು. ಹಾಗೆ ಹಿಡಿದುಕೊಂಡೇ ಬಣ್ಣದಕ್ಕ ಕೇಳಿದಳು: "ನನ್ನ ಮೇಲೆ ಸಿಟ್ಟು ಹೋಯ್ತಾ ಮೇಸ್ತ್ರಿ?"

"ಪೂರ್ತಿ ಹೋಗಿಲ್ಲ," ಎಂದ ಅವನು. "ಸುಳ್ಳು ಯಾಕೆ ಹೇಳ್ಲಿ."

"ಬೇಡ. ಹೇಳ್ಬೇಡ."

ಎಡಗಣ್ಣಿನ ಆಪರೇಷನ್ನೂ ಆಯಿತು. ಮೇಸ್ತ್ರಿ ಲಾಂಡ್ರಿಯಲ್ಲೇ ಇದ್ದಾನೆ. ತೊಟ್ಟಿಯ ಕೆಲಸಕ್ಕೆ ವಾಪಸು ಬನ್ನಿ ಎಂದು ಮಿಲ್ಲಿನವರು ಕರೆದರೂ ಹೋಗಲಿಲ್ಲ. ತಿಂಗಳಿಗೊಮ್ಮೆ, ಕೆಲವು ಸಲ ಹೆಂಡತಿಯನ್ನೂ ಕರೆದುಕೊಂಡು ಬರುತ್ತಾನೆ. ಒಳಹಾದಿಯಲ್ಲಿ ಈಗ ಎರಡು ಕುರ್ಚಿ ಹಾಕಿದ್ದಾರೆ. ಅವನೂ ಬಣ್ಣದಕ್ಕನೂ ಟೀ ಲೋಟ ಹಿಡಿದು ಅಲ್ಲಿ ಕೂತು, ಆ ನೇರಳೆಗೆ ಯಾವ ಬಣ್ಣ ಎಷ್ಟು ಪಾಲು ಬಿದ್ದಿರಬಹುದು ಎಂದು ವಾದ ಮಾಡುತ್ತಾರೆ. ಇಬ್ಬರ ಲೆಕ್ಕವೂ ಇದುವರೆಗೆ ಒಂದಾಗಿಲ್ಲ. ಮಗ ಆ ಕಡೆಯಿಂದ ಈ ಕಡೆಗೆ ಹೋಗಬೇಕಾದಾಗ ಇಬ್ಬರೂ ಮಾತು ನಿಲ್ಲಿಸದೆ ಕಾಲು ಮಡಚಿ ದಾರಿ ಬಿಡುತ್ತಾರೆ.